ಬುಧವಾರ ಒಲೆಗೆ ರಜೆ

ನಾನು ಪಾಂಡವಪುರದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದವನು. ಸಮಾಜ ವಿಜ್ಞಾನ ನನ್ನ ವಿಷಯ. 2017ರಲ್ಲಿ ಅರವತ್ತು ತುಂಬಿತು, ನಿವೃತ್ತನಾದೆ. ಬೀಳ್ಕೊಡುಗೆಯಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ, ಜೊತೆಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಮೇಲೆ ಗಂಟೆ ನೋಡುವ ಅಗತ್ಯವೇ ಇಲ್ಲದವನಿಗೆ ಗಡಿಯಾರ ಏಕೆ ಕೊಡುತ್ತಾರೋ ನನಗೆ ಇಂದಿಗೂ ತಿಳಿದಿಲ್ಲ. ಮಾತಾಡಿದವರೆಲ್ಲ ‘ಇನ್ನಾದರೂ ಮೇಷ್ಟ್ರು ವಿಶ್ರಾಂತಿ ತೆಗೆದುಕೊಳ್ಳಲಿ’ ಎಂದು ಹಾರೈಸಿದರು. ಮನೆಗೆ ಬಂದೆ. ಶಾಲು ಮಡಿಸಿಟ್ಟು, ಕುರ್ಚಿಯಲ್ಲಿ ಕುಳಿತು, ‘ಒಂದು ಲೋಟ ಕಾಫಿ’ ಎಂದೆ. ನನ್ನಾಕೆ ಕಾಫಿ ತಂದಿಟ್ಟು, ಗಡಿಯಾರವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ‘ನಿಮಗೇನೋ ರಿಟೈರ್ ಆಯ್ತು. ನನಗೆ ಯಾವಾಗ?’ ಎಂದಳು.

ನಾನು ನಕ್ಕುಬಿಟ್ಟೆ. ತಮಾಷೆಗೆ ಅಂದಳು ಎಂದುಕೊಂಡೆ. ಅದು ತಮಾಷೆಯಲ್ಲ ಎಂದು ತಿಳಿಯಲು ನನಗೆ ಆರು ವರ್ಷ ಹಿಡಿಯಿತು. ದಡ್ಡ ಹುಡುಗರಿಗೆ ಕೂಡ ಒಂದು ತರಗತಿ ದಾಟಲು ಅಷ್ಟು ವರ್ಷ ಬೇಕಾಗುವುದಿಲ್ಲ.

ಮಕ್ಕಳೇ, ನೀವು ಲೆಕ್ಕದಲ್ಲಿ ಚುರುಕಾಗಿರುತ್ತೀರಿ. ಒಂದು ಲೆಕ್ಕ ಮಾಡಿ ನೋಡಿ. ದಿನಕ್ಕೆ ಮೂರು ಸಲ ಒಲೆ ಹಚ್ಚಬೇಕು. ಬೆಳಗಿನ ತಿಂಡಿಗೆ, ಮಧ್ಯಾಹ್ನದ ಊಟಕ್ಕೆ, ರಾತ್ರಿಗೆ. ವರ್ಷಕ್ಕೆ 365 ದಿನ. ಮದುವೆಯಾಗಿ ಹತ್ತಿರ ಹತ್ತಿರ ನಲವತ್ತು ವರ್ಷ. ಗುಣಿಸಿದರೆ 43,800 ಬರುತ್ತದೆ. ಎರಡು ಬಾಣಂತನ, ತವರಿನ ಹಬ್ಬ, ಜ್ವರ ಬಂದ ದಿನ ಎಲ್ಲ ಕಳೆದರೂ ನಲವತ್ತು ಸಾವಿರಕ್ಕೆ ಮೋಸವಿಲ್ಲ. ನನಗೆ ಭಾನುವಾರ ರಜೆ ಇತ್ತು, ದಸರಾ ರಜೆ ಇತ್ತು, ಬೇಸಿಗೆ ರಜೆ ಇತ್ತು. ಅವಳ ಒಲೆಗೆ ಭಾನುವಾರ ಬಂತೆಂದರೆ ಕೆಲಸ ಎರಡರಷ್ಟು.

ಇದು ನಮ್ಮ ಮನೆಯೊಂದರ ಕಥೆ ಅಂದುಕೊಳ್ಳಬೇಡಿ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದಾದ್ಯಂತ ಜನರು ದಿನವನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ನಡೆಸಿತು. ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ ಎಂದು ತಿಳಿದುಬಂತು. 299 ನಿಮಿಷವೆಂದರೆ ಐದು ಗಂಟೆಗೆ ಒಂದೇ ನಿಮಿಷ ಕಡಿಮೆ. ಆ 97 ನಿಮಿಷ ಓದಿ ನನಗೆ ನಾಚಿಕೆಯಾಯಿತು. ನನ್ನ ಲೆಕ್ಕದಲ್ಲಿ ಅದು ಕಾಫಿ ಲೋಟವನ್ನು ಬಚ್ಚಲಿಗೆ ಹಾಕಿದ ಎರಡು ನಿಮಿಷ.

2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂತು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಅದಾಗಿ ಕೆಲವು ದಿನಕ್ಕೆ, ಒಂದು ಬುಧವಾರ ಬೆಳಿಗ್ಗೆ, ನನ್ನಾಕೆ ಸೀರೆ ಉಟ್ಟು, ಆಧಾರ್ ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡು ನಡುಮನೆಗೆ ಬಂದಳು. ‘ಇವತ್ತು ಒಲೆ ಹಚ್ಚಲ್ಲ. ಹೋಟೆಲಿನಲ್ಲಿ ತಿಂಡಿ ತಿನ್ನಬೇಕು ಅಂತ ಮನಸ್ಸಾಗಿದೆ. ನೀವು ಬರೋದಾದರೆ ಬನ್ನಿ, ಇಲ್ಲದಿದ್ದರೆ ನಾನೇ ಹೋಗಿ ಬರ್ತೀನಿ. ನನಗಂತೂ ಬಸ್ ಚಾರ್ಜಿಲ್ಲ’ ಎಂದಳು. ನಾನು ಚಪ್ಪಲಿ ಮೆಟ್ಟಿದೆ. ಅಂದಿನಿಂದ ಬುಧವಾರ ನಮ್ಮ ಮನೆಯ ಒಲೆಗೆ ರಜೆ.

ಮೊದಲ ದಿನ ಶ್ರೀರಂಗಪಟ್ಟಣಕ್ಕೆ ಹೋದೆವು. ಅದನ್ನು ಆರಿಸಿಕೊಂಡದ್ದು ರಂಗನಾಥನ ಮೇಲಿನ ಭಕ್ತಿಯಿಂದಲ್ಲ, ಸಂಕೋಚದಿಂದ. ಸ್ವಂತ ಊರಿನ ಹೋಟೆಲಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಗಂಡ ಹೆಂಡತಿ ಕುಳಿತಿದ್ದರೆ ‘ಮೇಷ್ಟ್ರ ಮನೇಲಿ ಏನೋ ಜಗಳ’ ಎಂದು ಹತ್ತು ಗಂಟೆಯೊಳಗೆ ಪೇಟೆಯೆಲ್ಲ ಹಬ್ಬಿರುತ್ತದೆ. ಅದಕ್ಕೇ ಪಕ್ಕದ ಊರು. ಬಸ್ಸಿನಲ್ಲಿ ಕಂಡಕ್ಟರು ಅವಳಿಗೆ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ನನ್ನದು ಹಿರಿಯ ನಾಗರಿಕರ ರಿಯಾಯಿತಿ, ನೂರಕ್ಕೆ ಇಪ್ಪತ್ತೈದು ಕಡಿತ. ‘ನೀವು ಮುಕ್ಕಾಲು, ನಾನು ಸೊನ್ನೆ’ ಎಂದು ನಕ್ಕಳು. ಅಂದು ಸೊನ್ನೆಗೇ ಬೆಲೆ ಹೆಚ್ಚು.

ಶ್ರೀರಂಗಪಟ್ಟಣಕ್ಕೆ ನಾನು ಎಷ್ಟು ಸಲ ಹೋಗಿದ್ದೇನೆಂದು ಲೆಕ್ಕವಿಲ್ಲ. ಪ್ರತಿ ವರ್ಷ ಮಕ್ಕಳನ್ನು ಸಾಲು ಹಿಡಿಸಿ ಕರೆದೊಯ್ದು, 1799ರಲ್ಲಿ ಟಿಪ್ಪು ಬಿದ್ದ ಜಾಗ, ದರಿಯಾ ದೌಲತ್ ಎಲ್ಲ ತೋರಿಸಿದವನು. ಅಂಥ ಪ್ರತಿ ಪ್ರವಾಸದ ದಿನವೂ ನನ್ನ ಕೈಯಲ್ಲಿ ಪುಳಿಯೋಗರೆ, ಮೊಸರನ್ನದ ಬುತ್ತಿ ಇರುತ್ತಿತ್ತು. ಅದನ್ನು ಕಟ್ಟಿಕೊಡಲು ನಾಲ್ಕು ಗಂಟೆಗೆ ಎದ್ದವಳನ್ನು ಒಂದು ಸಲವೂ ಜೊತೆಗೆ ಕರೆದೊಯ್ದಿರಲಿಲ್ಲ.

ಬಸ್ ನಿಲ್ದಾಣದಿಂದ ಸ್ವಲ್ಪ ದೂರದ ಒಂದು ಹಳೆಯ ಹೋಟೆಲಿಗೆ ಹೊಕ್ಕೆವು. ಆರು ಮೇಜು, ಗಲ್ಲಾದ ಮೇಲೆ ಊದುಬತ್ತಿ. ಮೊದಲೆಲ್ಲ ಬೆಂಗಳೂರು–ಮೈಸೂರು ನಡುವೆ ಓಡಾಡುವ ಕಾರು, ಬಸ್ಸುಗಳೆಲ್ಲ ಶ್ರೀರಂಗಪಟ್ಟಣವನ್ನು ಮುಟ್ಟಿಯೇ ಹೋಗಬೇಕಿತ್ತು. 2023ರ ಮಾರ್ಚ್ 12ರಂದು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಬಿಡದಿಯಿಂದ ಶ್ರೀರಂಗಪಟ್ಟಣದವರೆಗೆ ಊರೂರಿಗೂ ಬೈಪಾಸ್. ‘ದಾರಿಹೋಕರು ತಪ್ಪಿದರು ಸಾರ್, ಊರವರು ಉಳಿದರು. ಊರವರಿಗೆ ಕೆಟ್ಟ ಚಟ್ನಿ ಹಾಕೋಕಾಗಲ್ಲ, ನಾಳೆ ಮತ್ತೆ ಬರ್ತಾರಲ್ಲ’ ಎಂದರು ಗಲ್ಲಾದಲ್ಲಿದ್ದ ಯಜಮಾನರು. ಹೋಟೆಲು ಆರಿಸಲು ಇದಕ್ಕಿಂತ ಒಳ್ಳೆಯ ಸೂತ್ರ ನನಗೆ ಬೇರೆ ಸಿಕ್ಕಿಲ್ಲ. ಬೋರ್ಡು ನೋಡಬೇಡಿ, ದಿನಾ ಬರುವವರು ಎಷ್ಟು ಜನ ಇದ್ದಾರೆ ನೋಡಿ.

ನನ್ನಾಕೆ ಕೂರುವ ಮೊದಲು ಅಡುಗೆಮನೆಯ ಬಾಗಿಲಲ್ಲಿ ಇಣುಕಿದಳು. ‘ಇಡ್ಲಿ ತಟ್ಟೆಗೆ ಹಾಸೋದು ಬಟ್ಟೆಯೋ, ಪ್ಲಾಸ್ಟಿಕ್ಕೋ?’ ಒಳಗಿನಿಂದ ‘ಬಟ್ಟೆಯೇ ಅಮ್ಮ’ ಎಂಬ ಉತ್ತರ ಬಂದ ಮೇಲೆ ಕುಳಿತಳು. ನನಗೆ ಮುಜುಗರವಾಯಿತು. ಆದರೆ ನೋಡಿ, 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು ನಿಷೇಧಿಸಿತು. ಹಬೆಯ ಬಿಸಿಗೆ ಪ್ಲಾಸ್ಟಿಕ್ಕಿನ ರಾಸಾಯನಿಕಗಳು ಹಿಟ್ಟಿಗೆ ಇಳಿಯುತ್ತವೆ ಎಂಬುದೇ ಕಾರಣ. ಇಲಾಖೆಗಿಂತ ನನ್ನಾಕೆ ಹೆಚ್ಚು ಕಡಿಮೆ ಎರಡು ವರ್ಷ ಮುಂದಿದ್ದಳು.

ಎರಡು ತಟ್ಟೆ ಇಡ್ಲಿ ಬಂತು. ನಾನು ತಿನ್ನತೊಡಗಿದೆ. ಅವಳು ತಟ್ಟೆಯ ಮುಂದೆ ಸುಮ್ಮನೆ ಕುಳಿತಿದ್ದಳು. ನನಗೆ ಚಟ್ನಿ ಸಾಕೋ ಬೇಕೋ ಎಂದು ನೋಡಿದಳು, ನೀರಿನ ಲೋಟ ನನ್ನ ಕಡೆಗೆ ಸರಿಸಿದಳು. ನನ್ನದು ಮುಗಿಯಲಿ ಎಂದು ಕಾಯುತ್ತಿದ್ದಳು. ನಲವತ್ತು ವರ್ಷದ ಅಭ್ಯಾಸ ನೋಡಿ, ಹೋಟೆಲಿಗೆ ಬಂದರೂ ಜೊತೆಗೇ ಬಂದಿತ್ತು. ಅಷ್ಟರಲ್ಲಿ ಸಾಂಬಾರಿನ ಬಕೆಟ್ಟು ಹಿಡಿದು ಬಂದ ಸಪ್ಲೈಯರು ನಿಂತು, ‘ಅಮ್ಮಾ, ತಣ್ಣಗಾಗುತ್ತೆ, ತಿನ್ನಿ’ ಎಂದ.

ಅವಳು ಇಡ್ಲಿ ಮುರಿದಳು. ಹಬೆ ಎದ್ದಿತು. ಬಾಯಿಗಿಟ್ಟುಕೊಂಡು, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ‘ಈ ಮಾತನ್ನು ನಮ್ಮವ್ವ ಹೇಳ್ತಿದ್ಲು. ಅವಳು ಹೋದ ಮೇಲೆ ಯಾರೂ ಹೇಳಿರಲಿಲ್ಲ’ ಎಂದಳು. ನಾನು ಬೈಟು ಕಾಫಿ ಹೇಳಿದೆ. ಬೇರೆ ಏನು ಹೇಳಲಿ?

ಮುಂದಿನ ಬುಧವಾರಗಳಲ್ಲಿ ಧೈರ್ಯ ಹೆಚ್ಚಿತು, ದೂರವೂ ಹೆಚ್ಚಿತು. ಚಿನಕುರಳಿ ದಾಟಿ ಕೆ.ಆರ್. ಪೇಟೆಗೆ ಹೋದೆವು. ಹಿಂದೆ ಅತ್ತಿಕುಪ್ಪೆ ಎನಿಸಿಕೊಂಡಿದ್ದ ಊರು. ತಾಲ್ಲೂಕಿನ ಕಿಕ್ಕೇರಿ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ಹುಟ್ಟೂರು. ಬಸ್ಸಿನಲ್ಲಿ ನಾನು ಉತ್ಸಾಹದಿಂದ, ಗಂಡ ಹೆಂಡಿರ ಪ್ರೀತಿಯನ್ನು ಅವರಷ್ಟು ಚೆನ್ನಾಗಿ ಬರೆದವರು ಕಡಿಮೆ, ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂದ ಪುಸ್ತಕ ಎಂದೆಲ್ಲ ಪಾಠ ಶುರು ಮಾಡಿದೆ. ಅವಳು ಕಿಟಕಿಯಿಂದ ಮುಖ ತಿರುಗಿಸದೆ, ‘ಅವರ ಮನೇಲಿ ಅಡುಗೆ ಯಾರು ಮಾಡ್ತಿದ್ರು?’ ಎಂದಳು. ಪಾಠ ಅಲ್ಲಿಗೆ ನಿಂತಿತು.

ಕೆ.ಆರ್. ಪೇಟೆಯಲ್ಲಿ ನಮಗೆ ಸಿಕ್ಕಿದ್ದು ಹೋಟೆಲಲ್ಲ, ಒಬ್ಬಾಕೆ ಮನೆಯ ಮುಂಭಾಗದಲ್ಲೇ ನಡೆಸುವ ಮೆಸ್ಸು. ಅನ್ನ, ಬಸ್ಸಾರು, ಪಲ್ಯ, ಮಜ್ಜಿಗೆ. ಬಸ್ಸಾರು ಎಂದರೇನೆಂದು ಪಟ್ಟಣದ ಮಕ್ಕಳಿಗೆ ಹೇಳಬೇಕು. ಸೊಪ್ಪು, ಕಾಳು ಬೇಯಿಸಿ ನೀರನ್ನು ಬಸಿಯುತ್ತಾರೆ. ಬಸಿದ ಆ ಕಟ್ಟಿಗೆ ಮಸಾಲೆ ಅರೆದು ಹಾಕಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ, ಚೆಲ್ಲುವುದು ಏನೂ ಇಲ್ಲ. ನನ್ನಾಕೆ ಎರಡು ತುತ್ತು ತಿಂದು, ‘ಕಾಳು ಮೆಣಸು ಜಾಸ್ತಿ, ಆದರೆ ಕೈ ಒಳ್ಳೇದು’ ಎಂದು ತೀರ್ಪು ಕೊಟ್ಟಳು. ಊಟ ಮುಗಿದರೂ ಏಳಲಿಲ್ಲ. ಆ ಹೆಂಗಸಿನ ಜೊತೆ ಮಾತಿಗೆ ಕುಳಿತಳು.

ಆಕೆ ಏಳುವುದು ಬೆಳಗಿನ ಜಾವ ನಾಲ್ಕಕ್ಕೆ. ಪಾತ್ರೆ ತೊಳೆದು ಮಲಗುವುದು ರಾತ್ರಿ ಹತ್ತೂವರೆಗೆ. ಬಸ್ಸು ಹತ್ತಿದ ಮೇಲೆ ನಾನೇ ಕೇಳಿದೆ: ‘ನಿನಗೆ ರಜೆ ಸಿಕ್ಕಿತು, ಸರಿ. ಆದರೆ ಅದು ಇನ್ನೊಬ್ಬ ಹೆಂಗಸಿನ ಒಲೆಯ ಮೇಲೆ ತಾನೇ?’ ಈ ಪ್ರಶ್ನೆ ಅವಳಿಗೆ ಉತ್ತರ ಸಿಗದ್ದು ಎಂದು ನನಗೆ ಒಳಗೊಳಗೇ ಜಂಬ. ಅವಳು ಅದನ್ನು ಆಗಲೇ ಯೋಚಿಸಿ ಮುಗಿಸಿದ್ದಳು. ‘ಅದನ್ನೇ ಅವಳನ್ನು ಕೇಳ್ದೆ. ಗೋಡೆ ಮೇಲೆ ಬೋರ್ಡು ನೋಡಲಿಲ್ವಾ? ಸೋಮವಾರ ರಜೆ ಅಂತ ಬರೆದಿದ್ದಾಳೆ. ಸಂಜೆ ದುಡ್ಡು ಎಣಿಸ್ತಾಳೆ, ಮಗಳ ಕಾಲೇಜಿನ ಫೀಸು ಕಟ್ಟಿದ್ದಾಳೆ. ಅವಳು ಮಾಡೋದೂ ಅಡುಗೆ, ನಾನು ಮಾಡೋದೂ ಅಡುಗೆ. ಅವಳದ್ದಕ್ಕೆ ಲೆಕ್ಕ ಇದೆ, ನನ್ನದಕ್ಕೆ ಇರಲಿಲ್ಲ. ಅಷ್ಟೇ ವ್ಯತ್ಯಾಸ.’

ಆದರೂ ನನ್ನ ಪ್ರಶ್ನೆ ಪೂರ್ತಿ ವ್ಯರ್ಥವಾಗಲಿಲ್ಲ. ಅಂದಿನಿಂದ ಎಲ್ಲೇ ಕುಳಿತರೂ ಬಡಿಸುವವರು ಯಾರು, ಮೇಜು ಒರೆಸುವವರು ಯಾರು ಎಂದು ನೋಡುವುದನ್ನು ಕಲಿತೆವು. ನಾನು ಹುಡುಗನಾಗಿದ್ದಾಗ ಹೋಟೆಲೆಂದರೆ ಮಾಣಿ. ಹತ್ತು ಹನ್ನೆರಡು ವರ್ಷದ ಹುಡುಗ, ಹೆಗಲ ಮೇಲೆ ಒದ್ದೆ ಬಟ್ಟೆ. ನನ್ನ ತರಗತಿಯಿಂದಲೇ ಬಿಟ್ಟುಹೋಗಿ ಲೋಟ ತೊಳೆಯಲು ಸೇರಿದ ಹುಡುಗರ ಮುಖ ಇನ್ನೂ ನೆನಪಿದೆ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲು, ಢಾಬಾ, ಟೀ ಅಂಗಡಿಗಳಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ನಿಷೇಧಿಸಲಾಯಿತು. 2016ರ ತಿದ್ದುಪಡಿ ಆ ವಯಸ್ಸಿನವರನ್ನು ಯಾವುದೇ ಉದ್ಯೋಗಕ್ಕೂ ಇಟ್ಟುಕೊಳ್ಳಬಾರದೆಂದಿತು. ವಿದ್ಯಾರ್ಥಿಗಳೇ, ನಿಮ್ಮ ವಯಸ್ಸಿನ ಹುಡುಗನೊಬ್ಬ ಶಾಲೆಯ ಹೊತ್ತಿನಲ್ಲಿ ನಿಮ್ಮ ಎಂಜಲು ತಟ್ಟೆ ಎತ್ತುತ್ತಿದ್ದರೆ ಆ ದೋಸೆ ಗಂಟಲಲ್ಲಿ ಇಳಿಯಬಾರದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ನೆನಪಿಡಲು ಸುಲಭ.

ಇದೇ ಬಸ್ ನಿಲ್ದಾಣಗಳ ಬಳಿ ಸಂಜೆ ಕಾಲೇಜು ಬಿಡುವ ಹೊತ್ತಿಗೆ ಗೋಬಿ ಮಂಚೂರಿ ಗಾಡಿಗಳ ಸುತ್ತ ಹುಡುಗರ ಜಾತ್ರೆ. ತಿನ್ನಬೇಡಿ ಎಂದು ಅಜ್ಜನ ಉಪದೇಶ ಮಾಡುವುದಿಲ್ಲ. ಆದರೆ ಬಣ್ಣ ನೋಡಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ರೋಡಮಿನ್–ಬಿಯಂಥ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಜೂನ್‌ನಲ್ಲಿ ಕಬಾಬ್‌ಗೂ ಅದೇ ನಿಯಮ ಬಂತು. ರೋಡಮಿನ್–ಬಿ ಬಟ್ಟೆಗೆ ಹಾಕುವ ಬಣ್ಣ. ಹೂಕೋಸು ಯಾವ ಹೊಲದಲ್ಲೂ ಕೆಂಪಗೆ ಬೆಳೆಯುವುದಿಲ್ಲ ಎಂಬಷ್ಟು ವಿಜ್ಞಾನ ನೆನಪಿದ್ದರೆ ಸಾಕು.

ನಾಗಮಂಗಲಕ್ಕೆ ಹೋದ ಬುಧವಾರವನ್ನು ಮಾತ್ರ ನಾನು ಮರೆಯುವಂತಿಲ್ಲ. ಪಾಂಡವಪುರದಿಂದ ಹೊರಟರೆ ಮೊದಲು ನಾಲೆ, ಗದ್ದೆ, ಕಬ್ಬು. ಜಕ್ಕನಹಳ್ಳಿ ಬರುವ ಹೊತ್ತಿಗೆ ಎಡಗಡೆ ಮೇಲುಕೋಟೆಯ ಬೆಟ್ಟ, ಆಮೇಲೆ ಹಸಿರು ತೆಳುವಾಗುತ್ತ ಹೋಗುತ್ತದೆ. 1911ರಲ್ಲಿ ಶುರುವಾಗಿ 1932ಕ್ಕೆ ಮುಗಿದ ಕನ್ನಂಬಾಡಿ ಕಟ್ಟೆ, ಅದರಿಂದ ಹೊರಟ ವಿಶ್ವೇಶ್ವರಯ್ಯ ನಾಲೆ, ನಮ್ಮ ಕಡೆಯ ತಟ್ಟೆಯನ್ನೇ ಬದಲಿಸಿದವು. ನೀರು ಹರಿದಲ್ಲಿ ಅನ್ನ ಬಂತು, ಬೆಲ್ಲ ಬಂತು. ನಾಗಮಂಗಲದ ಎತ್ತರದ ನೆಲಕ್ಕೆ ಆ ನಾಲೆ ಹತ್ತಲಿಲ್ಲ. ಮಳೆ ನಂಬಿದ ಹೊಲದಲ್ಲಿ ರಾಗಿ, ಹುರುಳಿ ಉಳಿದವು. ಒಂದೇ ಜಿಲ್ಲೆಯಲ್ಲಿ ಬಸ್ಸು ಹತ್ತಿ ಇಳಿಯುವುದರೊಳಗೆ ಹೋಟೆಲಿನ ಊಟ ಬದಲಾಗುವುದೇಕೆ ಎಂದು ಭೂಗೋಳದ ಪರೀಕ್ಷೆಯಲ್ಲಿ ಕೇಳಿದರೆ ಇದೇ ಉತ್ತರ ಬರೆಯಿರಿ.

ರಾಗಿಯೆಂದರೆ ಬಡವರ ಹಿಟ್ಟು ಎಂದು ಮೂಗು ಮುರಿಯುವ ಕಾಲವಿತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಹೆಚ್ಚು ಇಳುವರಿಯ ತಳಿಗಳನ್ನು ತಯಾರಿಸಿದರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಅವುಗಳ ಹೆಸರು ‘ಇಂಡಾಫ್’. ಹಳ್ಳಿಯವರು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಡಾಕ್ಟರೇಟಿಗಿಂತ ದೊಡ್ಡ ಪದವಿ ಅದು.

ಸೌಮ್ಯಕೇಶವನ ಗುಡಿ ನೋಡಿಕೊಂಡು, ಮಧ್ಯಾಹ್ನ ಒಂದು ಮಿಲಿಟರಿ ಹೋಟೆಲಿಗೆ ಹೋದೆವು. ಮುದ್ದೆ, ನಾಟಿ ಕೋಳಿ ಸಾರು. ಒಳಗೆ ಹೆಜ್ಜೆ ಇಟ್ಟೊಡನೆ ಮುದ್ದೆ ಮುರಿಯುತ್ತಿದ್ದ ಕೈಗಳೆಲ್ಲ ಒಂದು ಕ್ಷಣ ನಿಂತವು. ಇಪ್ಪತ್ತು ಮೂವತ್ತು ಜನ, ಎಲ್ಲರೂ ಗಂಡಸರು. ಗಲ್ಲಾದವರು ಎದ್ದು ಬಂದು ಮರ್ಯಾದೆಯಿಂದಲೇ, ‘ಯಜಮಾನ್ರೇ, ಫ್ಯಾಮಿಲಿ ರೂಮು ಖಾಲಿ ಇದೆ, ಅಲ್ಲಿಗೆ ಬನ್ನಿ’ ಎಂದರು. ಪರದೆ ಸರಿಸಿದರೆ ಕಿಟಕಿಯಿಲ್ಲದ ಒಂದು ಗೂಡು. ಮೂಲೆಯಲ್ಲಿ ಈರುಳ್ಳಿ ಮೂಟೆ, ತಿರುಗದ ಫ್ಯಾನು. ನಾನು ಒಳಗೆ ಹೋಗಿ ಕುಳಿತೇಬಿಟ್ಟೆ. ಹಿಂದೆ ನೋಡಿದರೆ ನನ್ನಾಕೆ ಬಂದಿರಲಿಲ್ಲ. ‘ಇಲ್ಲಿ ಗಾಳಿ ಬರುತ್ತೆ. ನಾನು ಇಲ್ಲೇ ಕೂರ್ತೀನಿ’ ಎಂದು ಹಾಲಿನ ನಡುವಿನ ಮೇಜಿನ ಮುಂದೆ ಕುಳಿತಿದ್ದಳು.

ನನಗೆ ಆಗ ನಮ್ಮಪ್ಪ ನೆನಪಾದ. ಅವನು ಹುಡುಗನಾಗಿದ್ದಾಗ, 1940ರ ಆಸುಪಾಸಿನಲ್ಲಿ, ಸಂತೆಗೆ ಹೋದರೆ ಅಲ್ಲಿನ ಹೋಟೆಲಿನ ಒಳಭಾಗ ಒಂದು ಜಾತಿಯವರಿಗೆ, ಹೊರಗಿನ ಜಗಲಿ ನಮ್ಮಂಥವರಿಗೆ. ಇನ್ನೂ ಕೆಲವರಿಗೆ ಜಗಲಿಯೂ ಇಲ್ಲ. ಬೀದಿಯಲ್ಲೇ ನಿಂತು ಕುಡಿದು, ಲೋಟವನ್ನು ತಾವೇ ತೊಳೆದಿಡಬೇಕು. ‘ಜಗಲಿ ಮೇಲೆ ಕೂತ ನಮಗೆ ಒಳಗಿನವರ ಮೇಲೆ ಸಿಟ್ಟು. ಬೀದಿಯಲ್ಲಿ ನಿಂತವರು ಕಣ್ಣಿಗೇ ಕಾಣ್ತಿರಲಿಲ್ಲ’ ಎಂದು ಅಪ್ಪ ಮುದುಕನಾದ ಮೇಲೆ ಹೇಳಿಕೊಂಡಿದ್ದ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ತೆರೆದು ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲು, ಉಪಾಹಾರ ಗೃಹಗಳಿಂದ ದೂರ ಇಡುವಂತಿಲ್ಲ ಎಂದು ಅಲ್ಲಿದೆ. ದೇಶದ ಮೂಲ ಕಾನೂನಿನಲ್ಲಿ ಹೋಟೆಲಿನ ಮಾತು ಏಕೆ ಬಂತು? ಒಂದು ಲೋಟ ಕಾಫಿಯನ್ನು ಎಲ್ಲಿ ಕುಳಿತು ಕುಡಿಯಬಹುದು ಎಂಬುದರಲ್ಲೇ ಮನುಷ್ಯನ ಮರ್ಯಾದೆ ತೀರ್ಮಾನವಾಗುತ್ತಿತ್ತು, ಅದಕ್ಕೆ. 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳಿಗೆ ಶಿಕ್ಷೆ ವಿಧಿಸುವ ಕಾಯ್ದೆಯೂ ಬಂತು.

ಮೂವತ್ತು ವರ್ಷ ಈ 15ನೇ ವಿಧಿಯನ್ನು ಪಾಠ ಮಾಡಿದವನು ನಾನು. ‘ಲಿಂಗ’ ಎಂಬ ಪದ ನನ್ನ ಪಾಲಿಗೆ ಬಿಟ್ಟ ಸ್ಥಳ ತುಂಬುವ ಒಂದು ಅಂಕವಾಗಿತ್ತು. ಅಪ್ಪನ ಜಗಲಿ ನನಗೆ ಕಂಡಿತ್ತು. ಹೆಂಡತಿಯ ಪರದೆ ಕಂಡಿರಲಿಲ್ಲ. ಅವಳನ್ನು ಯಾರೂ ತಡೆದಿರಲಿಲ್ಲ ನಿಜ. ಬೋರ್ಡು ಹಾಕಿರಲಿಲ್ಲ, ಬೈದಿರಲಿಲ್ಲ. ನಾನೇ ಕರೆದುಕೊಂಡು ಹೋಗಿರಲಿಲ್ಲ, ಅಷ್ಟೆ. ಎದ್ದು ಬಂದು ಅವಳ ಎದುರಿಗೆ ಕುಳಿತೆ.

ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ತಮ್ಮ ತಮ್ಮ ಮುದ್ದೆಗೆ ಮರಳಿದರು. ಬಡಿಸುವಾತ ಬಂದು, ‘ಅವ್ವಾ, ಇನ್ನೊಂದು ಸೌಟು ಸಾರು ಬಿಡ್ಲಾ?’ ಎಂದ. ಪಕ್ಕದ ಮೇಜಿನ ಮುದುಕರೊಬ್ಬರು, ‘ಈ ಮುದ್ದೆ ಒಸಿ ಗಟ್ಟಿ ಅಲ್ವೇನವ್ವ?’ ಎಂದು ಅವಳನ್ನೇ ಕೇಳಿದರು. ‘ಹಿಟ್ಟು ಇನ್ನೂ ಬೇಯಬೇಕಿತ್ತು’ ಎಂದಳು. ಅಡುಗೆಯವನು ಒಳಗಿನಿಂದಲೇ ನಕ್ಕ. ಎರಡು ತಿಂಗಳು ಕಳೆದು ಮತ್ತೆ ಹೋದಾಗ ಹಾಲಿನಲ್ಲಿ ಇನ್ನೊಂದು ಸಂಸಾರ ಕುಳಿತಿತ್ತು. ಅಜ್ಜಿ, ಸೊಸೆ, ಎರಡು ಮಕ್ಕಳು, ಗಂಡಸರಿಲ್ಲ. ಆಸ್ಪತ್ರೆಗೆ ಬಂದವರಂತೆ. ಫ್ಯಾಮಿಲಿ ರೂಮಿನ ಪರದೆ ಕಟ್ಟಿಹಾಕಿತ್ತು, ಒಳಗೆ ಈರುಳ್ಳಿ ಮೂಟೆ ಮೂರಾಗಿದ್ದವು.

ಇಷ್ಟೆಲ್ಲ ಊರು ಸುತ್ತಿದ ಮೇಲೆ ಉಳಿದದ್ದು ನಮ್ಮದೇ ಪಾಂಡವಪುರ. ಒಂದು ಬುಧವಾರ ನಾನೇ ಬಾಯಿ ಬಿಟ್ಟು, ‘ಇವತ್ತು ಬಸ್ಸು ಬೇಡ. ಇಲ್ಲೇ ಹೋಗೋಣ’ ಎಂದೆ. ನಡೆದುಕೊಂಡೇ ಹೋದೆವು. ಅಂದುಕೊಂಡದ್ದೇ ಆಯಿತು. ಗಲ್ಲಾದಲ್ಲಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಎದ್ದು ನಿಂತು ಕೈಮುಗಿದು, ಗಾಬರಿಯಿಂದ, ‘ಏನ್ ಸಾರ್, ಅಮ್ಮನವರಿಗೆ ಹುಷಾರಿಲ್ವಾ?’ ಎಂದ. ಹುಷಾರಿಲ್ಲದಿದ್ದರೆ ಮಾತ್ರ ಹೆಂಗಸು ಅಡುಗೆ ಬಿಡುತ್ತಾಳೆ ಎಂಬುದು ಅವನ ಲೆಕ್ಕ. ಆ ಲೆಕ್ಕ ಕಲಿಸಿದವರು ನಮ್ಮಂಥವರೇ. ನಾನು ತಡವರಿಸುತ್ತಿರುವಾಗ ನನ್ನಾಕೆಯೇ, ‘ಹುಷಾರಾಗಿದ್ದೀನಪ್ಪ. ಅದಕ್ಕೇ ಬಂದೆ. ಎರಡು ಮಸಾಲೆ ದೋಸೆ ಹೇಳು’ ಎಂದಳು.

ಬೆಂಗಳೂರಿನಲ್ಲಿರುವ ಮಗನಿಗೆ ಇದೆಲ್ಲ ಇಷ್ಟವಿಲ್ಲ. ‘ಈ ವಯಸ್ಸಿನಲ್ಲಿ ಹೊರಗಿನ ಊಟ ಏಕಪ್ಪ? ಅಮ್ಮನಿಗೆ ಬಿ.ಪಿ. ಇದೆ’ ಎನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ, ಎಂದರೆ ಒಂದು ಟೀ ಚಮಚದೊಳಗೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೋಟೆಲಿನ ಸಾಂಬಾರು, ಉಪ್ಪಿನಕಾಯಿ, ಹಪ್ಪಳ ಸೇರಿದರೆ ಆ ಗಡಿ ದಾಟುವುದು ಕಷ್ಟವಲ್ಲ. ಅದಕ್ಕೇ ವಾರಕ್ಕೊಂದೇ ದಿನ. ಉಪ್ಪಿನಕಾಯಿ ಮುಟ್ಟುವುದಿಲ್ಲ, ಕರಿದದ್ದು ಇಬ್ಬರಿಗೆ ಒಂದು, ಕುದಿಸಿದ ನೀರು ಮನೆಯಿಂದ. ಆದರೆ ಮಗನಿಗೆ ನಾನು ಒಂದು ಮಾತು ಹೇಳಿದೆ: ‘ಅಮ್ಮನ ಕೈಯೂಟವನ್ನು ಹೊಗಳಿಯೇ ನೀನೂ ನಾನೂ ಅವಳನ್ನು ಅಡುಗೆಮನೆಯಲ್ಲಿ ಕೂಡಿಹಾಕಿದೆವು. ಅವಳ ಆರೋಗ್ಯದ ಚಿಂತೆ ನಿನಗೆ ಬಂದದ್ದು ಅವಳು ಹೊರಗೆ ಬಂದ ಮೇಲೆ.’ ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ, ‘ಮುಂದಿನ ಬುಧವಾರ ಏನು ತಿಂದಿರಿ ಅಂತ ಫೋಟೋ ಕಳಿಸಿ’ ಎಂದ.

ಮೊನ್ನೆ ಮೊನ್ನೆ ಒಂದು ಬುಧವಾರ ಬೆಳಗಿನಿಂದಲೇ ಜಡಿಮಳೆ. ಹೊರಗೆ ಕಾಲಿಡುವಂತಿಲ್ಲ. ನನ್ನಾಕೆ ಏನೂ ಅನ್ನದೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಯ ಕಡೆ ಹೊರಟಳು. ‘ನಿಲ್ಲು, ಇವತ್ತು ಬುಧವಾರ’ ಎಂದೆ. ಜೀವನದಲ್ಲಿ ಮೊದಲ ಸಲ ಉಪ್ಪಿಟ್ಟಿಗೆ ಇಳಿದೆ. ರವೆ ಡಬ್ಬ ಹುಡುಕಲು ಹತ್ತು ನಿಮಿಷ, ಸಾಸಿವೆ ಡಬ್ಬ ಹುಡುಕಲು ಹತ್ತು ನಿಮಿಷ. ನಲವತ್ತು ವರ್ಷ ಇದ್ದ ಮನೆಯಲ್ಲಿ ನನಗೆ ಗೊತ್ತಿಲ್ಲದ ಒಂದು ಕೋಣೆ ಇತ್ತು! ಈರುಳ್ಳಿ ಕಪ್ಪಾಯಿತು, ತಳ ಹಿಡಿಯಿತು, ರವೆ ಅಲ್ಲಲ್ಲಿ ಗಂಟಾಯಿತು. ಅವಳು ನಡುಮನೆಯಲ್ಲಿ ನನ್ನ ಕುರ್ಚಿಯಲ್ಲಿ ಕುಳಿತು, ನಿವೃತ್ತಿಯ ದಿನ ಬಂದ ಗಡಿಯಾರ ನೋಡುತ್ತಿದ್ದಳು. ಐವತ್ತು ನಿಮಿಷ ಆಯಿತು ಎಂದು ಅಲ್ಲಿಂದಲೇ ಕೂಗಿದಳು. ಆ ಗಡಿಯಾರ ಮೊದಲ ಸಲ ಉಪಯೋಗಕ್ಕೆ ಬಂತು.

ತಟ್ಟೆಗೆ ಹಾಕಿ ತಂದು ಅವಳ ಮುಂದಿಟ್ಟೆ. ಅವಳು ತಟ್ಟೆ ನೋಡಿದಳು, ‘ನಿಮಗೆಲ್ಲಿ?’ ಎನ್ನುತ್ತ ಏಳಲು ಹೋದಳು.

‘ಕೂತ್ಕೋ. ತಣ್ಣಗಾಗುತ್ತೆ, ತಿನ್ನು’ ಎಂದೆ.

ಒಂದು ತುತ್ತು ಬಾಯಿಗಿಟ್ಟುಕೊಂಡಳು. ‘ಉಪ್ಪು ಹಾಕಿಲ್ಲ’ ಎಂದಳು. ಬಿ.ಪಿ.ಗೆ ಒಳ್ಳೆಯದು ಎಂದೆ. ತಟ್ಟೆ ಪೂರ್ತಿ ಖಾಲಿ ಮಾಡಿದಳು.

ತಂದೆತಾಯಿಯರಿಗೆ ನನ್ನ ಸಲಹೆ ಏನೂ ಇಲ್ಲ. ನಿಮ್ಮ ನಿಮ್ಮ ಊರಿನಲ್ಲೂ ಆರು ಮೇಜಿನ ಹೋಟೆಲು ಇದ್ದೇ ಇರುತ್ತದೆ, ವಾರದಲ್ಲಿ ಏಳು ದಿನ ಇದ್ದೇ ಇವೆ. ಮಕ್ಕಳಿಗೆ ಮಾತ್ರ ಹಳೆಯ ಮೇಷ್ಟ್ರ ಒಂದು ಮನೆಗೆಲಸ. ಇವತ್ತು ರಾತ್ರಿ ಊಟಕ್ಕೆ ಕುಳಿತಾಗ, ಎಲ್ಲರಿಗೂ ಬಡಿಸಿ ಕೊನ್ನೆಗೆ ತಾನು ಬಡಿಸಿಕೊಳ್ಳುವವರು ಯಾರು, ಆ ಹೊತ್ತಿಗೆ ಅವರ ಅನ್ನ ಎಷ್ಟು ತಣ್ಣಗಿರುತ್ತದೆ, ನೋಡಿ. ಉತ್ತರ ಬರೆದು ತೋರಿಸುವುದು ಬೇಡ. ಎದ್ದು ಹೋಗಿ ಒಂದು ತಟ್ಟೆ ತಂದಿಟ್ಟರೆ ಸಾಕು.